ಚಳಿಗಾಲದಲ್ಲಿ ಕುದುರೆಯ ಮೈಗೂದಲನ್ನು ಕತ್ತರಿಸಬಹುದೇ?

ಬಸವನಗುಡಿಯ ಕಡಲೆಕಾಯಿ ಪರಿಷೆಯು ಮುಗಿಯುತ್ತಲೇ ಬೆಂಗಳೂರು ಸೀಮೆಯಲ್ಲಿ ಚಳಿಯು ಮೊದಲಾಗುವುದು. ಸವಾರಿಗಾಗಲಿ ಮೆರವಣಿಗೆಗಾಗಲಿ ಕುದುರೆಯನ್ನು ಸಾಕಿರುವ ಕೆಲವರು ಆಗ ಅದರ ಮೈಗೂದಲನ್ನೆಲ್ಲ ಯಂತ್ರದಿಂದ ಕತ್ತರಿಸಿಬಿಡುವರು. ಚಾಮರಾಜಪೇಟೆ, ಮಲ್ಲೇಶ್ವರಗಳ ಬೀದಿಗಳಲ್ಲಿ ಜಟಕಾಗಳು ಓಡಾಡುತ್ತಿದ್ದ ಕಾಲವು ಹೋಯಿತು. ಕುದುರೆಗಳು ಕಡಮೆಯಾದಂತೆ ಅವುಗಳ ಪಾಲನೆಯನ್ನು ಬಲ್ಲವರೂ ಕಡಮೆಯಾದರು. ಈ ಕತ್ತರಿಕೆಯು ನಮ್ಮ ಸೀಮೆಗೆ ಸಾಮಾನ್ಯವಾಗಿ ತಕ್ಕುದಲ್ಲವೆಂಬುದು ನನ್ನ ಅಭಿಪ್ರಾಯ.

ಕುದುರೆಗೆ ಚಳಿಗೂದಲು ಬೆಳೆಯುವುದು ಮುಖ್ಯವಾಗಿ ಚಳಿಯಿಂದಲ್ಲ, ಹಗಲು ಕುಗ್ಗುವುದರಿಂದ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು 8 ಗಂಟೆಗೂ ಕಡಮೆ. ಅಲ್ಲಿಯ ಕುದುರೆಗೆ ದಟ್ಟವಾದ ಕೂದಲು ಬರುವುದು. ದುಡಿದಾಗ ಬೆವರು ಬೇಗನೆ ಆರದು. ಆದಕಾರಣ ಅಲ್ಲಿ ಕತ್ತರಿಸುವುದು ನ್ಯಾಯವೇ. ಬೆಂಗಳೂರಿನಲ್ಲಾದರೋ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆ 20 ನಿಮಿಷವಿರುವುದು. ಇಲ್ಲಿ ಬೆಳೆಯುವ ಕೂದಲು ಅಲ್ಪ. ಆ ಅಲ್ಪವೇ ರಾತ್ರಿಯ ಗಾಳಿಗೆ ಹೊದಿಕೆ, ನೊಣದ ಕಡಿತಕ್ಕೆ ತಡೆ. ನಮ್ಮ ಚಳಿಯು ಸೌಮ್ಯವಾದರೂ 1884ನೆಯ ಜನವರಿಯಲ್ಲಿ ಈ ಊರಿನ ಉಷ್ಣವು 7.8 ಡಿಗ್ರಿ ಸೆಂಟಿಗ್ರೇಡಿಗೆ ಇಳಿದುದುಂಟು.

ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯಲ್ಲಿ ವಾಸಿಸುವ ಜಮೀನುದಾರರೊಬ್ಬರು ಅಂದಕ್ಕಾಗಿ ತಮ್ಮ ಮುದಿಗುದುರೆಯ ಮೈಯನ್ನು ಬೋಳಿಸಿದರು. ಹೊದಿಕೆಯನ್ನು ಮಾತ್ರ ಒದಗಿಸಲಿಲ್ಲ. ಮುಂಜಾವದಲ್ಲಿ ನಾನು ಹೋದಾಗ ಅದು ತೆರೆದ ಲಾಯದಲ್ಲಿ ನಡುಗುತ್ತ ನಿಂತಿದ್ದಿತು; ಮುಂದಿಟ್ಟ ಹುರುಳಿಯನ್ನು ಮುಟ್ಟಿರಲಿಲ್ಲ. ಹೊರೆಯನ್ನಲ್ಲ, ಯಜಮಾನನ ಷೋಕಿಯನ್ನು ಅದು ಹೊತ್ತಿದ್ದಿತು.

ಹಾಗಾದರೆ ಮಾಡತಕ್ಕುದೇನು? ಬೆವರಿ ಬಂದ ಕುದುರೆಯನ್ನು ಸ್ವಲ್ಪ ಹೊತ್ತು ಮೆಲ್ಲಗೆ ನಡೆಸಿ, ಒಣಹುಲ್ಲಿನ ಸಿಂಬೆಯಿಂದ ಮೈಯುಜ್ಜಿ, ಗಾಳಿಯ ಹೊಡೆತವಿಲ್ಲದೆಡೆ ಕಟ್ಟತಕ್ಕದ್ದು. ಮೈಯಾರಿದ ಮೇಲೆ ದಿನವೂ ಬ್ರಷ್ಷಿನಿಂದ ಮಾಲೀಸು ಮಾಡಿದರೆ ಹೊಳಪು ತಾನಾಗಿ ಬರುವುದು.

ಅಪವಾದಗಳೂ ಉಂಟು. ದಿನವೂ ಕಠಿಣವಾಗಿ ದುಡಿದು, ಬಹುಹೊತ್ತಾದರೂ ಮೈಯಾರದ ಕುದುರೆಗೆ ಕತ್ತಿನ ಕೆಳಭಾಗ, ಎದೆ, ಹೊಟ್ಟೆಗಳ ಕೂದಲನ್ನಷ್ಟೇ ತೆಗೆಯಬಹುದು. ಬೆನ್ನು, ಕಾಲುಗಳದು ಇರಲಿ. ಬೇಸಗೆ ಬಂದರೂ ಕೂದಲುದುರದ ಮುದಿಗುದುರೆಗೆ ಮಿದುಳಿನ ಬುಡದ ಗ್ರಂಥಿಯ ರೋಗವಿರಬಹುದು. ನಾನು ಪಶುವೈದ್ಯನಲ್ಲ, ಅಂಥದನ್ನು ಪಶುವೈದ್ಯರಿಗೆ ತಪ್ಪದೆ ತೋರಿಸಬೇಕು.

ಗ್ರಾಮದ ಮುಖಂಡರೂ ಜಮೀನುದಾರರೂ ಮಾಡಿದುದನ್ನು ಉಳಿದವರು ಅನುಸರಿಸುವರು. ಆದುದರಿಂದ ಕತ್ತರಿಯಂತ್ರವನ್ನು ತರಿಸುವ ಮೊದಲು ಲಾಯದಲ್ಲಿ ಒಂದು ಒಳ್ಳೆಯ ಚಳ್ಳಕೆರೆಯ ಕಂಬಳಿ ಇದೆಯೇ ಎಂದು ನೋಡಿಕೊಳ್ಳಿರಿ. ಇಲ್ಲವಾದರೆ ಕುದುರೆಯು ತೊಟ್ಟು ಬಂದ ಕಂಬಳಿಯನ್ನು ಕೀಳಬೇಡಿರಿ.