ಬ್ಲ್ಯಾಕ್ ಬೆಲ್ಟು ಬಂತು, ಮುಂದೇನು?

ಟೇಕ್ವಾಂಡೋ ಎಂಬ ಕೊರಿಯಾದ ಒದೆಯಾಟ ನಮ್ಮ ದೇಶಕ್ಕೆ ಬಂದು ಬಹಳ ವರ್ಷವಾಯಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿಯಂಥ ಊರುಗಳಲ್ಲಿ ಬಿಳಿ ಅಂಗಿ ತೊಟ್ಟ ಮಕ್ಕಳು ಶಾಲೆಯ ಬಯಲಿನಲ್ಲೋ ಮಂಗಲ ಕಾರ್ಯಾಲಯದ ಹಾಲಿನಲ್ಲೋ ಕಾಲು ಎತ್ತುತ್ತಿದ್ದರೆ ಈಗ ಯಾರೂ ನಿಂತು ನೋಡುವುದಿಲ್ಲ. ಕರಾಟೆಯ ಹಾಗೆ ಅದೂ ನಮ್ಮದೇ ಆಗಿಬಿಟ್ಟಿದೆ. ಆದರೆ ಅಂಕಲಿಯಂಥ ಊರಿನಲ್ಲಿ ಅಂಗಡಿಯ ಗಲ್ಲೆಯಿಂದ ತಿಂಗಳ ಫೀ ತೆಗೆದುಕೊಡುವ ಅಪ್ಪನ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಹುಡುಗಿ ಪದಕ ತಂದಾಳು ಖರೆ, ಆ ಪದಕ ಮನಿಗೆ ಏನು ತರತೈತಿ?

ಇದನ್ನು ದುಡ್ಡಿನ ಆಸೆ ಎಂದು ಮೂಗು ಮುರಿಯುವವರು ನಮ್ಮ ಕುಸ್ತಿಯ ಲೆಕ್ಕ ಮರೆತವರು. ಕೃಷ್ಣೆಯ ಈ ದಂಡೆ ಆ ದಂಡೆಯ ಊರುಗಳಲ್ಲಿ ಪೈಲ್ವಾನನನ್ನು ಸಾಕುವುದು ಒಂದು ಮನೆಯ ಭಾರವಾಗಿರಲಿಲ್ಲ. ಖುರಾಕಿಗೆ ಹಾಲು, ಬಾದಾಮಿಯನ್ನು ಊರು ನೋಡಿಕೊಳ್ಳುತ್ತಿತ್ತು, ಗರಡಿಮನೆಯ ವಸ್ತಾದ ಫೀ ಕೇಳುತ್ತಿರಲಿಲ್ಲ, ಜಾತ್ರೆಯ ನಿಕಾಲಿ ಕುಸ್ತಿ ಗೆದ್ದವನ ಕೈಗೆ ಬೆಳ್ಳಿ ಕಡಗ ಬೀಳುತ್ತಿತ್ತು. ಗಡಿಯಾಚೆ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಖಾಸಬಾಗದ ಮೈದಾನವನ್ನೇ ಕಟ್ಟಿಸಿದರು. 1912ರಲ್ಲಿ ಮುಗಿದ ಆ ಮೈದಾನದ ಹೆಸರು ಇವತ್ತಿಗೂ ನಮ್ಮ ಮುದುಕರ ಬಾಯಲ್ಲಿದೆ. ಕುಸ್ತಿಗೆ ಒಬ್ಬ ಒಡೆಯನಿದ್ದ. ಒದೆಯಾಟಕ್ಕೆ ಒಡೆಯ ಯಾರು?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಆಟ ಟೇಕ್ವಾಂಡೋ ಅಲ್ಲ, ಕುರಾಶ್. ಅದು ಉಜ್ಬೇಕಿಸ್ತಾನದ ಕಡೆಯ ನಿಂತು ಹಿಡಿಯುವ ಕುಸ್ತಿ. ಜುಡೋದಂತೆ ಅಂಗಿ ಹಿಡಿದು ಎತ್ತಿ ಹಾಕಬೇಕು, ನೆಲಕ್ಕೆ ಬಿದ್ದ ಮೇಲೆ ಹೊರಳಾಡುವಂತಿಲ್ಲ. 2018ರ ಆಗಸ್ಟಿನಲ್ಲಿ ಜಕಾರ್ತದ ಏಷ್ಯನ್ ಗೇಮ್ಸಿಗೆ ಈ ಆಟ ಮೊದಲ ಸಲ ಸೇರಿತು. 52 ಕಿಲೋ ತೂಕದಲ್ಲಿ ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ ಕಂಚು ಗೆದ್ದಳು. ಸೆಮಿಫೈನಲ್ಲಿನಲ್ಲಿ ಆಕೆಯನ್ನು ಸೋಲಿಸಿದವಳು ಉಜ್ಬೇಕಿಸ್ತಾನದ ಗುಲ್ನೋರ್ ಸುಲೈಮಾನೋವಾ. ಫೈನಲ್ಲಿನಲ್ಲಿ ದೆಹಲಿಯ ಪಿಂಕಿ ಬಲ್ಹಾರಾಳನ್ನು ಸೋಲಿಸಿ ಬಂಗಾರ ಒಯ್ದವಳೂ ಆಕೆಯೇ. ಬೆಳಗಾವಿ ಪ್ಯಾಟಿಯ ಕಸ ಲಾರಿ ತುಂಬಿ ಹೋಗಿ ಬೀಳುವ ಊರು ಎಂದೇ ಪೇಪರಿನಲ್ಲಿ ಬರುತ್ತಿದ್ದ ತುರಮುರಿ ಅಂದು ಬೇರೆ ಕಾರಣಕ್ಕೆ ಸುದ್ದಿಯಾಯಿತು.

ಪದಕ ಬಂದ ಮೇಲೆ ಹಾರ, ಶಾಲು, ಫೋಟೊ ಎಲ್ಲವೂ ಬರುತ್ತವೆ. ಅದನ್ನು ಬಿಡಿ. ಪದಕ ಬರುವ ಮುಂಚೆ ಏನಿತ್ತು ಎಂಬುದೇ ನಾವು ನೋಡಬೇಕಾದ ಮಾತು. ರೈತನ ಮಗಳಾದ ಈಕೆಗೆ ಇದ್ದದ್ದು ಬೆಳಗಾವಿಯಲ್ಲಿರುವ ಕ್ರೀಡಾ ಇಲಾಖೆಯ ತರಬೇತಿ ಕೇಂದ್ರ. ಅಲ್ಲೇ ಜುಡೋದ ಪಟ್ಟು ಕಲಿತು ಆಮೇಲೆ ಕುರಾಶ್ ಹಿಡಿದಳು. ಇಂಥ ಕೇಂದ್ರದಲ್ಲಿ ಮ್ಯಾಟು, ಊಟ, ಕಲಿಸುವವರು ಒಂದೇ ಕಂಪೌಂಡಿನೊಳಗೆ ಸಿಗುತ್ತಾರೆ. ಹಳೆಯ ಗರಡಿಮನೆ ಮಾಡುತ್ತಿದ್ದ ಕೆಲಸವೂ ಇದೇ. ಸರ್ಕಾರದ ಯಾವ ಕೆಲಸವನ್ನೂ ಹೊಗಳುವ ಚಟ ನಮಗಿಲ್ಲ, ಆದರೆ ಇದನ್ನು ಹೇಳದಿದ್ದರೆ ಲೆಕ್ಕ ತಪ್ಪುತ್ತದೆ.

ಟೇಕ್ವಾಂಡೋದ ಲೆಕ್ಕ ಇನ್ನೂ ಬಿಗಿ. 2002ರಲ್ಲಿ ಬೂಸಾನಿನ ಏಷ್ಯನ್ ಗೇಮ್ಸಿನಲ್ಲಿ ಸುರೇಂದ್ರ ಭಂಡಾರಿ ಭಾರತಕ್ಕೆ ಕಂಚು ತಂದರು. ಆಮೇಲಿನದು ಬರಗಾಲ. 2023ರಲ್ಲಿ ಹಾಂಗ್‌ಝೌದಲ್ಲಿ ಭಾರತ 107 ಪದಕ ಎಣಿಸಿ ಸಂಭ್ರಮಿಸಿತಲ್ಲ, ಅದರೊಳಗೆ ಟೇಕ್ವಾಂಡೋದ್ದು ಒಂದೂ ಇಲ್ಲ. ಕುರಾಶಿನದೂ ಇಲ್ಲ.

ಅದೇ 2002ರಲ್ಲಿ ಥಾಯ್ಲೆಂಡಿನವರು ಏನು ಮಾಡಿದರು ನೋಡ್ರಿ. ಚೋಯ್ ಯಂಗ್-ಸೋಕ್ ಎಂಬ ಕೊರಿಯಾದ ವಸ್ತಾದನನ್ನು ಕರೆಸಿ ಕೂಡಿಸಿಕೊಂಡರು. 2004ರಲ್ಲಿ ಅಥೆನ್ಸಿನಲ್ಲಿ ಅವರ ಮೊದಲ ಒಲಿಂಪಿಕ್ ಪದಕ ಬಂತು, ಕಂಚು. ಬಂಗಾರಕ್ಕೆ 2021ರವರೆಗೆ ಕಾದರು. ನಡುವೆ ಮಾಸ್ತರನನ್ನು ಬದಲಿಸಲಿಲ್ಲ. ಕೊನೆಗೆ ಆತನೇ ಥಾಯ್ ಪ್ರಜೆಯಾದ. ನಮ್ಮಲ್ಲಾದರೆ ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಕಮಿಟಿ, ಎಷ್ಟು ಅಧ್ಯಕ್ಷರು ಬಂದು ಹೋಗುತ್ತಿದ್ದರೋ!

ಆ ಬಂಗಾರ ತಂದ ಪನಿಪಾಕ್ ವೊಂಗ್‌ಪಟ್ಟನಕಿತ್ ಎಂಬ ಹುಡುಗಿಯ ಕತೆಯನ್ನು ನಮ್ಮ ತಂದೆ-ತಾಯಂದಿರು ಅವಶ್ಯ ತಿಳಿಯಬೇಕು. ಸೂರತ್ ಥಾನಿ ಎಂಬ ದೂರದ ಪ್ರಾಂತದವಳು. 2015ರಲ್ಲಿ, ಹದಿನೆಂಟು ತುಂಬುವ ಮುಂಚೆಯೇ, ಜಗತ್ತಿನ ಚಾಂಪಿಯನ್. 2016ರ ರಿಯೋದಲ್ಲಿ ಕಂಚು. ಟೋಕಿಯೋದ ಫೈನಲ್ಲಿನಲ್ಲಿ ಹದಿನೇಳು ವರ್ಷದ ಸ್ಪೇನಿನ ಹುಡುಗಿಯ ಎದುರು 9-10ರಿಂದ ಹಿಂದಿದ್ದಳು, ಗಡಿಯಾರದಲ್ಲಿ ಕೆಲವೇ ಸೆಕೆಂಡು ಉಳಿದಿದ್ದಾಗ ಹೊಟ್ಟೆಗೆ ಒಂದು ಒದೆ ಇಳಿಸಿದಳು, ಎರಡು ಪಾಯಿಂಟು ಬಂತು, 11-10. 2024ರ ಪ್ಯಾರಿಸ್ಸಿನಲ್ಲಿ ಮತ್ತೆ ಬಂಗಾರ. ಅಲ್ಲಿಗೆ ಮುಗಿಸಿದಳು, ಇನ್ನು ಕಾಲು ತಡೆಯದು ಎಂದು. ಆಗ ಆಕೆಗೆ ಇನ್ನೇನು ಇಪ್ಪತ್ತೇಳು ತುಂಬುವುದರಲ್ಲಿತ್ತು.

ಇಪ್ಪತ್ತೇಳು ಅಂದರೆ ನಮ್ಮಲ್ಲಿ ಡಿಗ್ರಿ ಮುಗಿಸಿ ನೌಕರಿಯ ಅರ್ಜಿ ಬರೆಯುತ್ತ ಕೂತಿರುವ ವಯಸ್ಸು! ಈ ಆಟದ ಆಯುಷ್ಯ ಹನ್ನೆರಡು ಹದಿಮೂರಕ್ಕೆ ಶುರುವಾಗಿ ಅಲ್ಲಿಗೆ ತೀರುತ್ತದೆ. ನಡುವೆ ತೂಕದ ಕಾಟ. ಜಾಗತಿಕ ಚಾಂಪಿಯನ್‌ಶಿಪ್ಪಿನಲ್ಲಿ ಹೆಣ್ಣುಮಕ್ಕಳಿಗೆ ಎಂಟು ತೂಕದ ವಿಭಾಗ ಇವೆ, ಒಲಿಂಪಿಕ್ಸಿನಲ್ಲಿ ನಾಲ್ಕೇ. 53 ಕಿಲೋದಲ್ಲಿ ಗೆದ್ದವಳು ಅಲ್ಲಿಗೆ ಹೋಗಬೇಕಾದರೆ 49ಕ್ಕೆ ಇಳಿಯಬೇಕು, ಇಲ್ಲವೇ 57ರವರ ಒದೆ ತಿನ್ನಬೇಕು. ಮೇಲಾಗಿ ದೊಡ್ಡ ಪಂದ್ಯದಲ್ಲಿ ಪಾಯಿಂಟು ಕೊಡುವುದು ಪಂಚರ ಕಣ್ಣಷ್ಟೇ ಅಲ್ಲ, ಎದೆಗೆ ಕಟ್ಟಿದ ಎಲೆಕ್ಟ್ರಾನಿಕ್ ಕವಚ. ಮಂಗಲ ಕಾರ್ಯಾಲಯದ ಫರ್ಶಿಯ ಮೇಲೆ ಬರೇ ಗಾಳಿಗೆ ಒದ್ದು ಕಲಿತ ಹುಡುಗಿಯ ಏಟನ್ನು ಆ ಯಂತ್ರ ಲೆಕ್ಕಕ್ಕೇ ಹಿಡಿಯದಿದ್ದರೆ ಅಚ್ಚರಿಯಿಲ್ಲ.

ಎಲ್ಲರೂ ಒಲಿಂಪಿಕ್ಸಿಗೆ ಹೋಗಲಿಕ್ಕಿಲ್ಲ, ನೌಕರಿಯಾದರೂ ಸಿಗಲಿ ಎನ್ನುವವರಿದ್ದಾರೆ. ಸರಿಯಾದ ಮಾತು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಪಟ್ಟಿಯನ್ನು 2020ರಲ್ಲಿ 43 ಆಟಗಳಿಂದ 63ಕ್ಕೆ ಏರಿಸಿದರು. ಟೇಕ್ವಾಂಡೋ ಅದರೊಳಗೆ ಇದೆ. ಆದರೆ ಆ ಬಾಗಿಲಲ್ಲಿ ಬೆಲ್ಟು ಕೇಳುವುದಿಲ್ಲ, ಕಾಗದ ಕೇಳುತ್ತಾರೆ. ದೇಶದ ಪರ ಆಡಿದ್ದರೆ ರಾಷ್ಟ್ರೀಯ ಫೆಡರೇಶನ್ನಿನ ಕಾರ್ಯದರ್ಶಿಯ ಸಹಿ ಬೇಕು. ರಾಜ್ಯದ ಪರ ರಾಷ್ಟ್ರೀಯ ಪಂದ್ಯ ಆಡಿದ್ದರೆ ಫೆಡರೇಶನ್ನಿನದು ಅಥವಾ ರಾಜ್ಯ ಸಂಘದ್ದು. ವಿಶ್ವವಿದ್ಯಾಲಯದ ಪಂದ್ಯಕ್ಕೆ ಅಲ್ಲಿಯ ಕ್ರೀಡಾ ಅಧಿಕಾರಿಯದು, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಶಿಕ್ಷಣ ಇಲಾಖೆಯದು. ಕ್ಲಾಸಿನ ಮಾಸ್ತರು ಬಣ್ಣದ ಕಾರ್ಡಿನ ಮೇಲೆ ಬರೆದುಕೊಟ್ಟ ಬ್ಲ್ಯಾಕ್ ಬೆಲ್ಟಿನ ಸರ್ಟಿಫಿಕೇಟು ಇವುಗಳೊಳಗೆ ಯಾವುದೂ ಅಲ್ಲ. ಅಷ್ಟೇ ಅಲ್ಲ, ಸಿಯೋಲಿನಲ್ಲಿರುವ ಕುಕ್ಕಿವಾನ್ ಎಂಬ ಮೂಲಸಂಸ್ಥೆ ಹದಿನೈದು ತುಂಬದ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು 'ಪೂಮ್' ಎಂಬ ದರ್ಜೆಯನ್ನು, ದೊಡ್ಡವರ 'ಡಾನ್' ಅನ್ನಲ್ಲ. ಒಂಬತ್ತು ವರ್ಷದ ಕೂಸಿಗೆ ಪೂರಾ ಬ್ಲ್ಯಾಕ್ ಬೆಲ್ಟು ಕಟ್ಟಿ ಪೇಪರಿಗೆ ಫೋಟೊ ಕಳಿಸುವವರನ್ನು ಈ ಒಂದು ಮಾತು ಕೇಳಿ ನೋಡ್ರಿ.

ಅದರ ಮೇಲೆ ದೊಡ್ಡವರ ಜಗಳ ಬೇರೆ. ದೇಶದಲ್ಲಿ ಟೇಕ್ವಾಂಡೋ ನಡೆಸುವ ಹಕ್ಕು ನಮ್ಮದು ಎಂದು ಒಂದಕ್ಕಿಂತ ಹೆಚ್ಚು ಸಂಘಗಳು ಎದ್ದು ನಿಂತು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಕುರ್ಚಿಯವರು ತಾರೀಕು ಎಣಿಸುತ್ತಿದ್ದರೆ ಹುಡುಗರು ವಯಸ್ಸು ಎಣಿಸುತ್ತಿದ್ದರು. ಮಾನ್ಯತೆ ಇಲ್ಲದ ಸಂಘದ 'ನ್ಯಾಶನಲ್' ಪಂದ್ಯದಲ್ಲಿ ತಂದ ಬಂಗಾರ ನೌಕರಿಯ ಕಚೇರಿಯಲ್ಲಿ ಹಿತ್ತಾಳೆ.

ಹಾಗಾದರೆ ಅಂಕಲಿಯ ಹುಡುಗಿ ಯಾವ ದಾರಿ ಹಿಡಿಯಬೇಕು? ನಮ್ಮ ಕಣ್ಣಿಗೆ ಗಟ್ಟಿಯಾಗಿ ಕಾಣುವುದು ಶಾಲೆಯ ದಾರಿಯೇ. ಅಲ್ಲಿ ಸಹಿ ಹಾಕುವುದು ಸರ್ಕಾರದ ಇಲಾಖೆ, ಅದಕ್ಕೆ ಸಂಘಗಳ ಜಗಳ ಇಲ್ಲ. ಚಿಕ್ಕೋಡಿ ಈಗ ತನ್ನದೇ ಶೈಕ್ಷಣಿಕ ಜಿಲ್ಲೆ. ತಾಲೂಕು ಗೆದ್ದರೆ ಜಿಲ್ಲೆಯ ಪಂದ್ಯಕ್ಕೆ ಬೆಳಗಾವಿಗೆ ಓಡಬೇಕಿಲ್ಲ. ಮಾಸ್ತರು ಎಷ್ಟೇ ಒಳ್ಳೆಯವರಿರಲಿ, ಮಕ್ಕಳನ್ನು ಈ ಶಾಲಾ ಪಂದ್ಯಗಳಿಗೆ ಇಳಿಸುತ್ತಾರೋ ಇಲ್ಲವೋ, ಸರ್ಟಿಫಿಕೇಟಿನ ಮೇಲೆ ಯಾರ ಸಹಿ ಬರುತ್ತದೆ ಎಂಬುದನ್ನು ಫೀ ಕೊಡುವಾಗಲೇ ಕೇಳಬೇಕು. ಕಿರಾಣಿ ತರುವಾಗ ತಕ್ಕಡಿ ನೋಡುವುದಿಲ್ಲೇನು?

ಇನ್ನೊಂದು ಮಾತನ್ನು ಮಾತ್ರ ತಂದೆ-ತಾಯಿ ಒಬ್ಬೊಬ್ಬರೇ ಕೇಳಿದರೆ ಆಗುವುದಿಲ್ಲ, ಊರೇ ಕೇಳಬೇಕು. ತುರಮುರಿಯಿಂದ ಬೆಳಗಾವಿ ಕೂಗಳತೆ ದೂರ. ಅಂಕಲಿಗೆ ಬೆಳಗಾವಿಗಿಂತ ಮಿರಜ, ಸಾಂಗಲಿ ಹತ್ತಿರ. ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಬೆಳಗಾವಿಯ ಮ್ಯಾಟಿನ ಮೇಲೆ ನಿಂತು ರಾತ್ರಿ ಮನೆಗೆ ಬರುವ ಮಾತೇ ಇಲ್ಲ. ಸಕ್ಕರೆ ಕಾರ್ಖಾನೆ, ಸೊಸೈಟಿ, ಕಾಲೇಜುಗಳಿಗೆ ನಮ್ಮ ಈ ಭಾಗದಲ್ಲಿ ಬರವಿಲ್ಲ, ಚುನಾವಣೆಗೆ ನಿಲ್ಲುವವರಿಗಂತೂ ಇಲ್ಲವೇ ಇಲ್ಲ. ಚಿಕ್ಕೋಡಿಯಲ್ಲಿ ಎಂಟು ಮೀಟರ್ ಅಗಲದ ಒಂದು ಮ್ಯಾಟು, ಎರಡು ಜೊತೆ ಎಲೆಕ್ಟ್ರಾನಿಕ್ ಕವಚ, ತಿಂಗಳ ಸಂಬಳದ ಒಬ್ಬ ತರಬೇತುದಾರ, ಹೊರಗಿನ ಮಕ್ಕಳಿಗೆ ಊಟ ಹಾಕುವ ಒಂದು ಹಾಸ್ಟೆಲ್ಲು. ಜಾತ್ರೆಯ ಕುಸ್ತಿಗೆ ಪಟ್ಟಿ ಎತ್ತುವವರು ಈ ವರ್ಷ ಆ ಲೆಕ್ಕವನ್ನೂ ವಹಿಯಲ್ಲಿ ಬರೆದುಕೊಂಡು ಇಲಾಖೆಯ ಕಚೇರಿಗೆ ಹೋಗಲಿ.