ಸೇವೆಯ ಹೆಸರಿನ ಸಂದರ್ಶನ

ಕಳೆದ ಮೇ ತಿಂಗಳಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಮುದ್ದೇಬಿಹಾಳದಿಂದ ಪೇಢೆ ಹಿಡಿದು ಮನೆಗೆ ಬಂದಳು. ಬಿ.ಎಡ್. ಮುಗಿಸಿದವಳು. ಖಾಸಗಿ ಶಾಲೆಯೊಂದರಲ್ಲಿ ನೌಕರಿ ಸಿಕ್ಕಿತ್ತು.

"ಪಗಾರ ಎಷ್ಟವಾ?" ಎಂದೆ.

"ಕೇಳಲಿಲ್ರಿ ಟೀಚರ್. ಮೊದಲ ಸೇವಾ ಮಾಡ್ರಿ, ಆಮ್ಯಾಲ ನೋಡೋಣು ಅಂದ್ರು."

ನೇಮಕಾತಿ ಆದೇಶವೂ ಕೊಟ್ಟಿರಲಿಲ್ಲ. ಆದರೆ ಅವಳ ಮೂಲ ಅಂಕಪಟ್ಟಿಗಳನ್ನೆಲ್ಲ ಇಟ್ಟುಕೊಂಡಿದ್ದರು. ಪೇಢೆ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಮೂವತ್ತು ವರ್ಷದ ಹಿಂದೆ ನಾನೂ ಹೀಗೇ ಸಿಕ್ಕಿಬಿದ್ದವಳು. ಸಂದರ್ಶನಕ್ಕೆ ಕುಳಿತ ಐವರು ಹಿರಿಯರಲ್ಲಿ ಒಬ್ಬರೂ ಪಾಠದ ಬಗ್ಗೆ ಕೇಳಲಿಲ್ಲ. ಗಂಡನಿಗೆ ಪಗಾರ ಎಷ್ಟು, ಮಕ್ಕಳ ವಿಚಾರ ಏನು, ಇವೇ ಪ್ರಶ್ನೆ. ಕೊನೆಗೆ ಒಬ್ಬರು, "ಯಜಮಾನ್ರ ಪಗಾರ ಐತೆಲ್ಲ, ನಿಮ್ಮದು ಬಳಿ-ಕುಂಕುಮಕ್ಕಾತು" ಎಂದು ನಕ್ಕರು. ನಾನೂ ನಕ್ಕೆ. ಆ ನಗುವೇ ನನ್ನ ಮೊದಲ ತಪ್ಪು. ಮುಂದೆ ಸಹಿ ಮಾಡಿದ್ದು ಒಂದು ಮೊತ್ತಕ್ಕೆ, ಕೈಗೆ ಬಂದದ್ದು ಅದರ ಅರ್ಧ. ಏಪ್ರಿಲ್‌ನಲ್ಲಿ ರಾಜೀನಾಮೆ ಬರೆಸಿಕೊಂಡು ಜೂನ್‌ನಲ್ಲಿ ಹೊಸದಾಗಿ ತೆಗೆದುಕೊಂಡರು. ರಜೆಯ ಪಗಾರ ಹೋಯಿತು, ಸೇವೆಯೂ ತುಂಡಾಯಿತು.

ಸೇವೆ ತುಂಡಾದರೆ ಏನಾಗುತ್ತದೆಂದು ಕೇಳಬೇಡಿ. 2009ರ ತಿದ್ದುಪಡಿ ಖಾಸಗಿ ಶಾಲೆಯ ಶಿಕ್ಷಕರಿಗೂ 1997ರಿಂದಲೇ ಗ್ರಾಚ್ಯುಯಿಟಿ ಕೊಟ್ಟಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದಕ್ಕೆ ಸತತ ಸೇವೆಯ ದಾಖಲೆ ಬೇಕು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೆಯ ಕಲಮಿನ ಪ್ರಕಾರ ವಿಚಾರಣೆಯಿಲ್ಲದೆ ನೌಕರರನ್ನು ವಜಾ ಮಾಡುವಂತಿಲ್ಲ. ಆದೇಶವೇ ಇಲ್ಲದವಳು ತಾನು ನೌಕರಳೆಂದು ಯಾವುದರಿಂದ ತೋರಿಸಬೇಕು?

ಇಂಡಿ, ಸಿಂದಗಿ, ಬಾಗೇವಾಡಿ ಎಲ್ಲಿಯ ಗೆಳತಿಯರನ್ನು ಕೇಳಿದರೂ ನನಗೆ ಸಿಕ್ಕ ಕಥೆ ಇದೇ. ಬಸವಣ್ಣ ಹುಟ್ಟಿದ ನೆಲದಲ್ಲಿ ಕುಳಿತು ನಮಗೆ ಕಾಯಕದ ಉಪದೇಶ ಮಾಡುತ್ತಾರೆ. ಶರಣರು ದಾಸೋಹ ಮಾಡಿದ್ದು ತಮ್ಮ ಗಳಿಕೆಯಿಂದ, ಇನ್ನೊಬ್ಬರ ಕೂಲಿ ಹಿಡಿದಿಟ್ಟಲ್ಲ. ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ತಿರುಗಿ ಕಳಿಸಿದಳು. ತನ್ನದಲ್ಲದ್ದು ಬೇಡ ಎಂಬ ಆಕೆಯ ಲೆಕ್ಕ ಆಡಳಿತ ಮಂಡಳಿಗೂ ಹತ್ತಬೇಕಲ್ಲವೇ? ಟೀಚರಮ್ಮನ ಪಗಾರ ಅವರದಲ್ಲ.

"ಬಡ ಸಂಸ್ಥೆ, ಫೀ ಸರಿಯಾಗಿ ಬರುವುದಿಲ್ಲ" ಎನ್ನುತ್ತಾರೆ. ಇರಬಹುದು. ಕಡಿಮೆ ಪಗಾರವನ್ನೇ ಹೇಳಲಿ. ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಡಲು ಬಡತನ ಏಕೆ ಅಡ್ಡ ಬರಬೇಕು?

ತಂಗಿಯರೇ, ಸಂದರ್ಶನದಲ್ಲಿ ನಾವೂ ಪರೀಕ್ಷಕರೇ. ಪಗಾರ ಎಷ್ಟು, ಬ್ಯಾಂಕಿಗೆ ಬರುತ್ತದೆಯೇ, ಆದೇಶ ಯಾವಾಗ, ಹೆರಿಗೆ ರಜೆ ಉಂಟೇ ಎಂದು ಕೇಳಿರಿ. ಮೂಲ ಅಂಕಪಟ್ಟಿ ತೋರಿಸಿರಿ, ಬಿಟ್ಟುಬರಬೇಡಿರಿ. ನಮಗಿಂತ ಮುಂಚೆ ಅಲ್ಲಿದ್ದ ಟೀಚರು ಏಕೆ ಬಿಟ್ಟರೆಂದು ಊರಲ್ಲಿ ವಿಚಾರಿಸಿರಿ. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟಿಕ್ಕಿದರೆ ಎದ್ದು ಬರಲು ಅದೊಂದೇ ಕಾರಣ ಸಾಕು. ಗಂಡನ ಪಗಾರ ಕೇಳಿದವರಿಗೆ, ಪಾಠ ಮಾಡುವವಳು ನಾನು ಎಂದು ಹೇಳಿರಿ.

ಮರುದಿನ ನಾವಿಬ್ಬರೂ ಹೋಗಿ ಅಂಕಪಟ್ಟಿ ಕೇಳಿದೆವು. ಅಂಕಪಟ್ಟಿ ಸಿಕ್ಕವು, ನೌಕರಿ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿ ಅತ್ತಳು. ಆ ಮನೆಗೆ ದುಡ್ಡಿನ ಅಗತ್ಯ ಎಷ್ಟಿದೆಯೆಂದು ನನಗೆ ಗೊತ್ತು, ನನ್ನ ಕಣ್ಣೂ ಒಣಗಿರಲಿಲ್ಲ. ಆದರೂ ನಾನು ಮಾಡಿದ್ದು ತಪ್ಪೆಂದು ಅನ್ನಿಸಿಲ್ಲ. ಉಳಿದ ಪೇಢೆ ಅವಳಿಗೇ ಕೊಟ್ಟು ಕಳಿಸಿದೆ. ಆದೇಶಪತ್ರ ಕೈಯಲ್ಲಿ ಹಿಡಿದು ಬಂದ ದಿನ ತಿನ್ನುತ್ತೇನೆ.