ಒಳಗುಳಿದ ಕೀಲಿಕೈ
ಕಾರಿನ ಬಾಗಿಲನ್ನು ಮುಚ್ಚಿದ ಮರುಕ್ಷಣವೇ, ಕೀಲಿಕೈಯು ಒಳಗಿನ ಆಸನದ ಮೇಲೆಯೇ ಉಳಿದಿರುವುದನ್ನು ಗಾಜಿನ ಮೂಲಕ ಕಂಡು ದಿಗ್ಭ್ರಾಂತನಾಗಿ ನಿಲ್ಲುವ ಮನುಷ್ಯನ ಸಂಕಟವು, ಒಳಗೆ ಯಾರೂ ಇಲ್ಲದ ಪಕ್ಷದಲ್ಲಿ, ಬೀಗ ರಿಪೇರಿಯವನು ಬರುವವರೆಗಿನ ಕಾಲವಿಳಂಬದಲ್ಲಿಯೇ ಮುಗಿಯುತ್ತದೆ. ಆದರೆ ಹಿಂದಿನ ಆಸನದಲ್ಲಿ ಶಿಶುವೊಂದು ನಿದ್ರಿಸುತ್ತಿದ್ದರೆ ಅದೇ ಪ್ರಮಾದವು ಪ್ರಾಣಾಂತಿಕವಾಗಬಲ್ಲದು. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಉಷ್ಣತೆಯು 10 ನಿಮಿಷಗಳಲ್ಲಿಯೇ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಹುದು; ಶಿಶುವಿನ ದೇಹವಾದರೋ ದೊಡ್ಡವರ ದೇಹಕ್ಕಿಂತ ಬಹು ಶೀಘ್ರವಾಗಿ ತಾಪಕ್ಕೆ ತುತ್ತಾಗುವುದು. ಅಂತಹ ಸಮಯದಲ್ಲಿ ಮತ್ತೊಂದು ಕೀಲಿಯ ದಾರಿ ನೋಡದೆ, 112ಕ್ಕೆ ಕರೆ ಮಾಡಿಸಿ, ಸುಲಭವಾಗಿ ಒಡೆಯದ ಮುಂಭಾಗದ ಪದರಗಾಜನ್ನು ಬಿಟ್ಟು, ಮಗುವಿನಿಂದ ಅತ್ಯಂತ ದೂರದಲ್ಲಿರುವ ಪಕ್ಕದ ಕಿಟಕಿಯ ಗಾಜನ್ನು ಮೂಲೆಯಲ್ಲಿ ಹೊಡೆದು ಒಡೆಯುವುದೇ ಧರ್ಮ. ಗಾಜನ್ನು ಮತ್ತೆ ಕೂಡಿಸಬಹುದು; ಹೋದ ಪ್ರಾಣವನ್ನಲ್ಲ.